ಗಂಗಾಂಬಿಕೆ ನಕ್ಕರೆ ಸಾಕು

ಹದಿನೆಂಟು ವರ್ಷ ಟಿವಿಗೆ ಹಾಸ್ಯ ಧಾರಾವಾಹಿ ನಿರ್ದೇಶಿಸಿದ ತಿಪ್ಪೇರುದ್ರಪ್ಪನವರಿಗೆ ಇದ್ದದ್ದು ಒಂದೇ ನಿಯಮ. ಶೂಟಿಂಗಿನ ಹಿಂದಿನ ದಿನ ಇಡೀ ಕಂತನ್ನು ಹೆಂಡತಿ ಗಂಗಾಂಬಿಕೆಗೆ ಓದಿ ಹೇಳಬೇಕು. ಆಕೆ ನಗದ ಮಾತಿನ ಮೇಲೆ ಅಲ್ಲೇ ಕೆಂಪು ಗೀಟು. ಅಷ್ಟು ವರ್ಷಗಳಲ್ಲಿ ಬಿದ್ದ ಗೀಟು ನಾಲ್ಕೋ ಐದೋ. “ನಮ್ಮ ಚಳ್ಳಕೆರೆ ಹೆಣ್ಣು ನಕ್ಕರೆ ನಾಡೇ ನಕ್ಕಂಗೆ” ಎಂದು ನಟರೆದುರು ಮೀಸೆ ತಿರುವುತ್ತಿದ್ದರು.

ಈಗ ಯಾವ ಚಾನೆಲ್ಲಿನವರೂ ಕರೆಯುವುದಿಲ್ಲ. ಊರಿಗೆ ಮರಳಿ ಆರು ವರ್ಷವಾಯಿತು. ಹಳೆಯ ಕಂತುಗಳನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ. ಕೆಳಗೆ ಜನ ಬರೆಯುವುದು, ‘ಇದಕ್ಕೆ ನಗಬೇಕಾ?’ ಅದನ್ನು ಓದಿ ಉರಿದುಹೋದ ಅವರು ಹಟಕ್ಕೆ ಬಿದ್ದು ಹೊಸ ಕಂತು ಬರೆದರು. ಶೇಂಗಾ ಸುಲಿಯುತ್ತಿದ್ದ ಹೆಂಡತಿಯ ಮುಂದೆ ಕೂತು ಓದಿದರು. ಕೊನೆಯ ಪುಟ ಮುಗಿದರೂ ಆಕೆ ನಗಲಿಲ್ಲ.

“ಯಾಕೆ, ನಗು ಬರ್ಲಿಲ್ವೇನೆ?”

“ಆವಾಗ್ಲೂ ಬರ್ತಿರ್ಲಿಲ್ಲ ಕಣ್ರಿ. ನಾನು ನಗದಿದ್ರೆ ನೀವು ಉಣ್ಣದೇ ಮಲಗ್ತಿದ್ರಿ. ಅದ್ಕೇ ನಗ್ತಿದ್ದೆ. ಈಗ ನನಗೂ ಸಾಕಾಗೈತೆ.”

ಆಕೆಯ ಕೈ ಮತ್ತೆ ಶೇಂಗಾದ ಮೊರದತ್ತ ಹೋಯಿತು. ತಿಪ್ಪೇರುದ್ರಪ್ಪ ಕೆಂಪು ಪೆನ್ನು ತೆಗೆದರು. ಹದಿನೆಂಟು ವರ್ಷಕ್ಕೆ ಗೀಟು ಎಲ್ಲಿಂದ ಎಳೆಯಬೇಕೆಂದು ಅವರಿಗೆ ತಿಳಿಯಲಿಲ್ಲ.