ಬಿದಿರಿನ ನೆಲಕ್ಕೆ ನೀರು ತಾಗಬಾರದು

ಮನೆಗೆ ನೆಲವೆಂಬುದೊಂದು ಇದೆ ಎಂದು ಜನರಿಗೆ ನೆನಪಾಗುವುದು ಜಾರಿ ಬಿದ್ದಾಗ. ಉಳಿದ ದಿನಗಳಲ್ಲಿ ಗೋಡೆಯ ಬಣ್ಣವನ್ನೋ ಕಿಟಕಿಯ ಪರದೆಯನ್ನೋ ಹೊಗಳುತ್ತ ನೆಲವನ್ನು ತುಳಿದುಕೊಂಡು ಹೋಗಿಬಿಡುತ್ತಾರೆ. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಮಾತ್ರ ಹಾಗಲ್ಲ. ಬಂದವರು ಮೊದಲು ಕೆಳಗೆ ನೋಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ಮುಖಗಳಲ್ಲಿ ಅಂಥ ವಿಶೇಷವೇನೂ ಇಲ್ಲದ್ದರಿಂದ ಮತ್ತೆ ಕೆಳಗೆ ನೋಡುತ್ತಾರೆ.

ಇದಕ್ಕೆಲ್ಲ ಕಾರಣ ನಮ್ಮವರು. ಅವರು ರೈತರಿಗೆ ಪಂಪ್‌ಸೆಟ್ ಮಾರುವ ವ್ಯಾಪಾರಿ. ಕಮರಿಪೇಟೆಯ ಬಾಡಿಗೆ ಮನೆ ಬಿಟ್ಟು ನಾವು ಹೊಸ ಮನೆಗೆ ಬಂದಾಗ ಪಡಸಾಲೆಗೆ ಮಾತ್ರ ನೆಲ ಆಗಿರಲಿಲ್ಲ. ಅತ್ತೆಗೆ ಶಹಾಬಾದಿನ ಫರಸಿಕಲ್ಲೇ ಬೇಕು, ಮಗನಿಗೆ ಗ್ರಾನೈಟ್ ಬೇಕು. ಇಬ್ಬರೂ ಸೋಲದ ಕಾರಣ ಪಡಸಾಲೆ ಬರೀ ಸಿಮೆಂಟಿನಲ್ಲಿ ಉಳಿದಿತ್ತು. ಅಷ್ಟರಲ್ಲಿ ಇವರು ವ್ಯಾಪಾರದ ಸಭೆಗೆಂದು ಬೆಂಗಳೂರಿಗೆ ಹೋಗಿ ಒಂದು ಹೋಟೆಲಿನಲ್ಲಿ ಇಳಿದರು. ಆ ಕೋಣೆಗೆ ಬಿದಿರಿನ ನೆಲ. ಸಭೆಯಲ್ಲಿ ಏನು ಮಾತಾಯಿತೆಂದು ಇವತ್ತಿಗೂ ಅವರಿಗೆ ನೆನಪಿಲ್ಲ. ಮೊಣಕಾಲೂರಿ ಆ ನೆಲವನ್ನು ಬೆರಳಿನಿಂದ ಬಡಿದು ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ನೀರಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ, ನೀರು ಕಂಡರಾಗದ ನೆಲಕ್ಕೆ ಮನಸೋತು ಊರಿಗೆ ಬಂದರು.

ಸುದ್ದಿ ಕೇಳಿ ಅತ್ತೆ ಕೈಯಲ್ಲಿದ್ದ ಅಡಕೊತ್ತು ಕೆಳಗಿಟ್ಟರು.

"ಬಸೂ, ಬಿದರು ಅಂದ್ರ ಸತ್ತವ್ರನ್ನ ಹೊರಾಕ ತರೂದು. ಬಾಳೇ ಮಾಡೂ ಮನ್ಯಾಗ ಅದನ್ನ ಹಾಸ್ತಾರೇನೋ?"

"ತೊಟ್ಲಾ, ಕಾಳ ಕೇರೂ ಮರಾ, ಬುಟ್ಟಿ, ಎಲ್ಲಾ ಬಿದರಿಂದನ ಮಾಡ್ತಾರವ್ವಾ. ಮತ್ತ ಅದು ಗಿಡಾ ಅಲ್ಲ. ಖರೇ ಅಂದ್ರ ಅದು ಹುಲ್ಲು."

ಇದನ್ನು ಹೇಳಬಾರದಿತ್ತು. ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು, ಕಡಿದರೆ ಮತ್ತೆ ಚಿಗುರುತ್ತದೆ, ಬೇಗ ಬೆಳೆಯುತ್ತದೆ ಎಂಬುದೆಲ್ಲ ನಿಜವೇ. ಆದರೆ ನಿಜವನ್ನು ಹೇಳುವುದಕ್ಕೂ ಒಂದು ಹೊತ್ತು ಇರುತ್ತದೆ.

"ಹಂಗಾರ ನಾವೇನ ಎಮ್ಮೀ ಏನು, ಹುಲ್ಲಿನ ಮ್ಯಾಲ ಅಡ್ಡಾಡಾಕ?" ಎಂದರು ಅತ್ತೆ. "ಹಾಕಸ್ಕೊ. ಆ ಪಡಸಾಲ್ಯಾಗ ನಾ ಕಾಲಿಡೂದಿಲ್ಲ."

ಮಗ ಹಾಕಿಸಿಕೊಂಡರು. ಹಲಗೆಗಳು ಪೆಟ್ಟಿಗೆಗಳಲ್ಲಿ ಬಂದವು. ಅಂಗಡಿಯವನು ಅವನ್ನು ತಕ್ಷಣ ಜೋಡಿಸಲು ಒಪ್ಪಲಿಲ್ಲ. ಕೆಲವು ದಿನ ಪಡಸಾಲೆಯಲ್ಲಿಯೇ ಸುಮ್ಮನೆ ಮಲಗಿರಲಿ, ಮನೆಯ ಹವೆಗೆ ಹೊಂದಿಕೊಳ್ಳಬೇಕು, ಅವಸರ ಮಾಡಿದರೆ ಆಮೇಲೆ ಡೊಂಕಾಗುತ್ತವೆ ಎಂದ. ನಾನು ಧಾರವಾಡದಿಂದ ಮದುವೆಯಾಗಿ ಈ ಮನೆತನಕ್ಕೆ ಬಂದ ಮರುದಿನ ಮುಂಜಾನೆಯೇ ರೊಟ್ಟಿ ಬಡಿಯಲು ಕುಳಿತವಳು. ನನಗೆ ಹವೆಗೆ ಹೊಂದಿಕೊಳ್ಳಲು ಯಾರೂ ದಿನ ಕೊಟ್ಟಿರಲಿಲ್ಲ. ಆ ಪೆಟ್ಟಿಗೆಗಳ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚಾಗುತ್ತಿತ್ತು. ಜೋಡಿಸುವಾಗ ಗೋಡೆಯ ಬದಿಗೆಲ್ಲ ಒಂದಿಷ್ಟು ಸಂದು ಬಿಟ್ಟರು. ಮಳೆಗಾಲದಲ್ಲಿ ಬಿದಿರು ಹಿಗ್ಗುತ್ತದಂತೆ, ಅದಕ್ಕೆ ಉಸಿರಾಡಲು ಜಾಗ ಬೇಕಂತೆ. ನಮ್ಮ ಮನೆಯಲ್ಲಿ ಕೇಳದೆಯೇ ಉಸಿರಾಡಲು ಜಾಗ ಸಿಕ್ಕ ಮೊದಲ ಸದಸ್ಯ ಆ ನೆಲ.

ನೆಲವೇನೋ ಚಂದವಿತ್ತು. ಜೇನಿನ ಬಣ್ಣ, ನಡುನಡುವೆ ಗಿಣ್ಣಿನ ಗೆರೆಗಳು, ಬರಿಗಾಲಿಗೆ ಹಿತವಾದ ಬಿಸುಪು. ಆದರೆ ಅದರ ಜೊತೆ ಕಾಯಿದೆಗಳೂ ಬಂದವು. ಚಪ್ಪಲಿ ಹೊಸ್ತಿಲು ದಾಟಬಾರದು. ಕುರ್ಚಿ ಎಳೆಯಬಾರದು, ಎತ್ತಿ ಇಡಬೇಕು. ಉಸುಕಿನ ಒಂದು ಹರಳೂ ಒಳಗೆ ಬರಬಾರದು, ಬಂದರೆ ಗೀರು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ನೀರು ಹಾಕಬಾರದು. ಹಿಂಡಿದ ಅರಿವೆಯಿಂದ ಮೆಲ್ಲಗೆ ಒರೆಸಬೇಕು, ಕೂಸಿನ ಮುಖ ಒರೆಸಿದ ಹಾಗೆ. ನಮ್ಮವರು ಕುರ್ಚಿಗಳ ಕಾಲುಗಳಿಗೆಲ್ಲ ಉಣ್ಣೆಯ ಬಿಲ್ಲೆ ಅಂಟಿಸಿದರು. ಬಂದ ನೆಂಟರ ಕಾಲುಗಳಿಗೂ ಅಂಟಿಸುತ್ತಿದ್ದರೇನೋ, ನಾನು ಕಣ್ಣು ಬಿಟ್ಟದ್ದರಿಂದ ಸುಮ್ಮನಾದರು.

ಅತ್ತೆ ಆಡಿದ ಮಾತು ಉಳಿಸಿಕೊಂಡರು. ತಮ್ಮ ಕೋಣೆಯಿಂದ ದೇವರಮನೆಗೆ ಪಡಸಾಲೆ ದಾಟಿ ಹೋದರೆ ನಾಲ್ಕು ಹೆಜ್ಜೆ. ಅವರು ಹಿತ್ತಿಲ ಬಾಗಿಲಿನಿಂದ ಇಳಿದು, ಮನೆಗೊಂದು ಸುತ್ತು ಹಾಕಿ, ಅಡುಗೆಮನೆಯಿಂದ ಒಳಗೆ ಬರುತ್ತಿದ್ದರು. ಮಳೆ ಬಂದರೆ ಕೊಡೆ ಹಿಡಿದು ಲಿಂಗಪೂಜೆಗೆ ಹೋಗುತ್ತಿದ್ದರು. ನೋಡಿದ ಓಣಿಯವರು ನಾನೇ ಅವರನ್ನು ಹೊರಗೆ ಹಾಕಿದ್ದೇನೆಂದು ತಿಳಿದರು. ತಾಯಿ ಮಗನಿಗೆ ಏನಾದರೂ ಹೇಳುವುದಿದ್ದರೆ ನನ್ನ ಮೂಲಕ ಹೇಳುತ್ತಿದ್ದರು, ಮಗ ಪಕ್ಕದಲ್ಲಿಯೇ ನಿಂತಿದ್ದರೂ. ಮೊದಮೊದಲು ಇದು ನಗೆ ತರಿಸುತ್ತಿತ್ತು. ಆಮೇಲೆ ತರಿಸಲಿಲ್ಲ. ರಾತ್ರಿ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಇವರು ಅವ್ವನ ಖಾಲಿ ಮಣೆಯ ಕಡೆ ನೋಡಿ, ತುತ್ತು ಕೈಯಲ್ಲಿಯೇ ಹಿಡಿದು ಕೂರುವುದನ್ನು ನಾನು ಕಂಡಿದ್ದೇನೆ. ನೆಲ ಕಿತ್ತು ಹಾಕಿಬಿಡೋಣವೇ ಎಂದು ಒಮ್ಮೆ ನನ್ನನ್ನು ಕೇಳಿದರು ಕೂಡ.

ಅಷ್ಟರಲ್ಲಿ ಒಂದು ರವಿವಾರ ನೀರು ಬಂತು.

ಹುಬ್ಬಳ್ಳಿಯಲ್ಲಿ ನಲ್ಲಿಗೆ ನೀರು ಬರುವುದೆಂದರೆ ಅಳಿಯ ಬಂದ ಹಾಗೆ. ಬರುವ ದಿನ ಗೊತ್ತಿರುವುದಿಲ್ಲ, ಬಂದಾಗ ಎಲ್ಲ ಕೆಲಸ ಬಿಟ್ಟು ಓಡಬೇಕು. ಬಂದೊಡನೆ ತಿಳಿಯಲೆಂದು ನಮ್ಮವರು ಪಡಸಾಲೆಗೆ ಹೊಂದಿಕೊಂಡ ಬಚ್ಚಲ ಮುಂದಿನ ನಲ್ಲಿಯನ್ನು ತಿರುವಿಯೇ ಇಟ್ಟು, ಅದರ ರಬ್ಬರ್ ಪೈಪನ್ನು ಡ್ರಮ್ಮಿನೊಳಗೆ ಇಳಿಬಿಟ್ಟು ಸಂತೆಗೆ ಹೋಗಿದ್ದರು. ನೀರು ರಭಸದಿಂದ ಬಂದಾಗ ಪೈಪು ಜಿಗಿದು ಹೊರಗೆ ಬಿದ್ದಿರಬೇಕು. ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಆ ಸಪ್ಪಳದಲ್ಲಿ ಬೇರೇನೂ ಕೇಳಲಿಲ್ಲ.

ಕೇಳಿದ್ದು ಅತ್ತೆಯ ಕೂಗು. "ಏ ಸುಮಿತ್ರಾ! ಲಗೂ ಬಾರ! ಬಸ್ಯಾನ ಹುಲ್ಲ ಮುಳುಗಾಕತ್ತೇತಿ!"

ಹಿಟ್ಟಿನ ಕೈಯಲ್ಲಿಯೇ ಓಡಿ ಬಂದು ನೋಡಿದರೆ ಅತ್ತೆ ಪಡಸಾಲೆಯ ನಡುವೆ, ಸೀರೆ ಮೇಲಕ್ಕೆ ಕಟ್ಟಿ ನಿಂತಿದ್ದಾರೆ! ನಾನು ನಲ್ಲಿ ಬಂದ್ ಮಾಡಿ ಬರುವಷ್ಟರಲ್ಲಿ ಅವರು ತಮ್ಮ ಕೋಣೆಯಿಂದ ಕೌದಿಗಳನ್ನು ಹೊತ್ತು ತಂದಿದ್ದರು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಅವರೇ ಹೊಲಿದ ಕೌದಿಗಳು. ತೀರಿಹೋದ ಮಾವನವರ ಧೋತರದಿಂದ ಹೊಲಿದದ್ದೂ ಅದರಲ್ಲಿತ್ತು. ಅದನ್ನು ಅವರು ಯಾರಿಗೂ ಹೊದೆಯಲು ಕೊಟ್ಟವರಲ್ಲ. ಎಲ್ಲವನ್ನೂ ನೀರಿನ ಮೇಲೆ ಹಾಸಿದರು, ಒತ್ತಿದರು, ಎತ್ತಿ ಅಂಗಳದಲ್ಲಿ ಹಿಂಡಿದರು, ಮತ್ತೆ ಹಾಸಿದರು.

ಆ ಹೊತ್ತಿಗೆ ಕಾಯಿಪಲ್ಲೆಯ ಚೀಲ ಹಿಡಿದು ನಮ್ಮವರು ಬಂದರು. ಬಾಗಿಲಲ್ಲಿಯೇ ನಿಂತುಬಿಟ್ಟರು.

"ಅವ್ವಾ, ಅಪ್ಪನ ಕೌದಿ! ಹಾಳಾಗತೇತಿ, ಬಿಡು!"

"ಕೌದಿ ತೊಳದ ಒಣಾ ಹಾಕಬಹುದೋ. ನಿನ್ನ ಈ ಹುಲ್ಲ ತೊಯ್ದ್ರ ಉಳೀತೇತೇನು? ಸುಮ್ಮ ನಿಂತೀಯಲ್ಲ, ಆ ತುದೀ ಹಿಡಿ."

ತಿಂಗಳುಗಳ ನಂತರ ಅವರು ಮಗನಿಗೆ ನೇರವಾಗಿ ಆಡಿದ ಮಾತು ಅದು. ಮಗ ಚೀಲ ಕೆಳಗಿಟ್ಟು ತುದಿ ಹಿಡಿದರು. ತಾಯಿ ಮಗ ಎದುರುಬದುರು ನಿಂತು ಕೌದಿ ಹಿಂಡುವಾಗ ಇಬ್ಬರ ಮುಖದ ಮೇಲೂ ನೀರಿತ್ತು. ಎಲ್ಲಾ ನಲ್ಲಿಯದೇ ಎಂದು ನಾನು ತಿಳಿದುಕೊಂಡೆ.

ಬಚ್ಚಲ ಕಡೆಯ ಕೆಲವು ಹಲಗೆಗಳು ಅಂಚಿನಲ್ಲಿ ಉಬ್ಬಿದವು. ಅಂಗಡಿಯವನು ಬಂದು ನೋಡಿ, ಈಗ ಕೀಳಬೇಡಿ, ಫ್ಯಾನ್ ಹಾಕಿ ನಿಧಾನಕ್ಕೆ ಒಣಗಲು ಬಿಡಿ ಎಂದ. ಮುಂದೆ ಬಹುತೇಕ ಎಲ್ಲ ತಾವಾಗಿಯೇ ಕೂತವು.

ಮೊನ್ನೆ ಪಕ್ಕದ ಮನೆಯ ಗಿರಿಜಾ ತಾವೂ ಇಂಥ ನೆಲ ಹಾಕಿಸಬೇಕೆಂದು ನೋಡಲು ಬಂದಿದ್ದರು. ಅತ್ತೆಯೇ ಮುಂದಾಗಿ ತೋರಿಸಿದರು. "ಚಪ್ಲಿ ಅಲ್ಲೇ ಬಿಡ್ರಿ. ಕುರ್ಚಿ ಎತ್ತಿ ಇಡ್ರಿ, ಜಗ್ಗಬ್ಯಾಡ್ರಿ. ಹಿಂಡಿದ ಅರಿವೀಲೆ ಒರಸಬೇಕು. ನಾ ಹಾಕಸಿದಾಗಿಂದ ಹಿಂಗ ನೋಡ್ಕೊಂಡ ಬಂದೇನ್ರಿ."

ನಮ್ಮವರು ಒಳಗೆ ಬಂದು ನನ್ನ ಕಿವಿಯಲ್ಲಿ ಕೇಳಿದರು, "ಹಾಕಸಿದವ್ರು ಯಾರು?"

"ದಿನಾ ಯಾರು ಒರಸ್ತಾರೋ ಅವ್ರು" ಎಂದೆ.

ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ನಮ್ಮವರು ಲುಂಗಿ ಎತ್ತಿ ಕಟ್ಟಿ, ಅರಿವೆ ಹಿಡಿದು, ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, "ಆ ಮೂಲೀ ಉಳೀತು ನೋಡೋ ಬಸೂ" ಎನ್ನುತ್ತಿದ್ದರು. ನಾನು ಚಹಾದ ಕಪ್ಪು ಹಿಡಿದು ಕುರ್ಚಿಯಲ್ಲಿ ಕೂತು, ಅವರಿಗೆ ಕೆಳಗೆ ಒರೆಸಲು ಅನುಕೂಲವಾಗಲೆಂದು ಎರಡೂ ಕಾಲು ಮೇಲೆತ್ತಿಕೊಂಡೆ.