ದಸ್ತಗೀರ ಚಾಚಾ ಕಾಯ್ದ ತಣ್ಣೀರಿನ ಬೆಳೆ

ಮೇ ತಿಂಗಳ ಗೋವೆಯಲ್ಲಿ ಮಂಕಿ ಕ್ಯಾಪು ಹಾಕಿ, ಎರಡು ಸ್ವೆಟರು ತೊಟ್ಟು ತಿರುಗುವ ಮನುಷ್ಯನನ್ನು ಕಂಡರೆ ಯಾರಿಗಾದರೂ ನಗು ಬಂದೀತು. ದಸ್ತಗೀರ ಚಾಚಾ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಸಮುದ್ರ ಸಂಶೋಧನೆಯ ನಮ್ಮ ಪ್ರಯೋಗಾಲಯದಲ್ಲಿ ತಂಪುಕೋಣೆ ನೋಡಿಕೊಳ್ಳುವ ಗುತ್ತಿಗೆ ಕೆಲಸ ಅವರದು. "ನೀವು ಹೊರಗ ಬೇಯಾಕತ್ತೀರಿ, ನಾ ಒಳಗ ಕುಲು ಮನಾಲಿ ನೋಡಿ ಬರ್ತೇನ್ರಿ" ಎಂದು ನಗುವವರನ್ನೇ ನಗಿಸುತ್ತಿದ್ದರು.

ಆ ಕೋಣೆಯ ಫ್ಲಾಸ್ಕುಗಳಲ್ಲಿ ದಕ್ಷಿಣ ಧ್ರುವದ ಕಡಲಿನ ಸಸ್ಯಪ್ಲವಕಗಳಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಜೀವಗಳು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಆ ಬೆಳಕಿನಲ್ಲಿ ಇವು ಬೆಳೆದರೆ ಮಾತ್ರ ಸೀಗಡಿಯಿಂದ ತಿಮಿಂಗಿಲದವರೆಗೆ ಎಲ್ಲಕ್ಕೂ ಊಟ. ಅಂಥ ತಣ್ಣೀರಿನಲ್ಲಿ ಎಷ್ಟು ಬೆಳಕಿಗೆ ಎಷ್ಟು ಬೆಳೆಯುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಹಡಗು ಹೋಗುವುದು ವರ್ಷಕ್ಕೊಮ್ಮೆ. ತಂದದ್ದರಲ್ಲಿ ಬದುಕಿದ್ದು ಹನ್ನೆರಡು ಫ್ಲಾಸ್ಕು, ನನ್ನ ಪಿಎಚ್.ಡಿ. ಪೂರ್ತಿ ಅದರ ಮೇಲೆ ನಿಂತಿತ್ತು.

ಚಾಚಾ ಅವನ್ನು 'ಬೆಳಿ' ಎನ್ನುತ್ತಿದ್ದರು. ಜೀವಗಳು ತಳ ಹಿಡಿಯದಂತೆ ದಿನವೂ ಒಂದೊಂದೇ ಫ್ಲಾಸ್ಕು ಎತ್ತಿ ಮೆಲ್ಲಗೆ ಅಲುಗಿಸುವರು. ನಾನು ಗಡಿಬಿಡಿ ಮಾಡಿದರೆ, ಮೇಡಂ ಎನ್ನುವ ಬದಲು ಬಾಯಾರ ಎಂದು ಕರೆದು, "ಜ್ವಾಳ ಬಿತ್ತಿ ದಿನಾ ಕೆದರಿ ನೋಡ್ತಾರೇನ್ರಿ ಬಾಯಾರ? ಥಂಡಿ ನೀರಿನ ಬೆಳಿ, ಸಾವಕಾಶ ಬರತೈತಿ" ಎನ್ನುವರು. ಒಮ್ಮೆ ದೆಹಲಿಯಿಂದ ಬಂದ ದೊಡ್ಡ ಅಧಿಕಾರಿ ಕೋಣೆಯ ಬಾಗಿಲು ತೆರೆದು ಹಿಡಿದುಕೊಂಡೇ ಭಾಷಣ ಶುರುಮಾಡಿದರು. ಚಾಚಾ ಅವರನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿಬಿಟ್ಟರು. ಭಾಷಣ ಎರಡೇ ನಿಮಿಷದಲ್ಲಿ ಮುಗಿಯಿತು.

ಆ ಭಾನುವಾರ ನಾನು ಧಾರವಾಡದಿಂದ ರೈಲಿನಲ್ಲಿ ಬರುತ್ತಿದ್ದೆ. ಪ್ರಯೋಗಾಲಯದಲ್ಲಿ ಮಧ್ಯಾಹ್ನ ಕರೆಂಟು ಹೋಯಿತು, ಜನರೇಟರು ಹತ್ತಲಿಲ್ಲ. ಚಾಚಾ ಫೋನು ಮಾಡಿ ಮಾಡಿ ಸೋತರು. ಘಟ್ಟದಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ಲೇ ಇರಲಿಲ್ಲ, ಗೋವೆ ಮುಟ್ಟುವಷ್ಟರಲ್ಲಿ ಬ್ಯಾಟರಿಯೂ ಮುಗಿದಿತ್ತು. ಅವರು ಮೊದಲು ಮೀನುಬಂದರಿನಲ್ಲಿ ಹತ್ತು ವರ್ಷ ದುಡಿದವರು. ಅಲ್ಲಿಗೇ ಓಡಿ, ಪುಡಿ ಐಸು ತಂದು, ಫ್ಲಾಸ್ಕುಗಳನ್ನು ಅದರಲ್ಲಿ ಹೂತು, ಮೀನಿನ ಪೆಟ್ಟಿಗೆಗೆ ಹಾಕುವಂತೆ ಮೇಲೆ ಕಲ್ಲುಪ್ಪು ಸುರಿದರು. ಉಪ್ಪು ಬಿದ್ದ ಐಸು ಇನ್ನೂ ಕೊರೆಯುತ್ತದೆ, ಅದು ಅವರ ಕೈಗೆ ಗೊತ್ತಿದ್ದ ವಿದ್ಯೆ.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಅವರ ಬೆರಳುಗಳು ಬಿಳಿಚಿದ್ದವು, ಮುಖ ಮಾತ್ರ ಅರಳಿತ್ತು. "ಥಣ್ಣಗಿದ್ದಷ್ಟೂ ಇವಕ್ಕ ಸುಖ ಅಂತ ನೀವ ಹೇಳಿದ್ರೆಲ್ಲ? ಒಂದ ಗಳಿಗಿನೂ ಬಿಸಿ ಆಗಾಕ ಬಿಟ್ಟಿಲ್ರಿ."

ಹನ್ನೆರಡೂ ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಹೌದು, ಹಾಗೆ ಹೇಳಿದ್ದು ನಾನೇ. ಥಂಡಿಯನ್ನು ಎಲ್ಲಿಗೆ ನಿಲ್ಲಿಸಬೇಕು, ಹೆಪ್ಪುಗಟ್ಟಿದರೆ ಸಾಯುತ್ತವೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅವರು ಮನೆಗೆ ಹೋದ ಮೇಲೆ ಕರಗಿದ ನೀರಿನ ಒಂದೊಂದೇ ಹನಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆ ಜೀವಗಳ ಒಡೆದ ಚಿಪ್ಪುಗಳು ಬಿಟ್ಟರೆ ಏನೂ ಇರಲಿಲ್ಲ. ಅಲ್ಲೇ ನೆಲಕ್ಕೆ ಕೂತೆ. ಅತ್ತೆ, ಅಷ್ಟೇ.

ಮರುದಿನ ಅವರು "ಬದುಕ್ಯಾವಲ್ರಿ?" ಎಂದಾಗ "ನೋಡೋಣ" ಎಂದುಬಿಟ್ಟೆ. ಅವರು ಎಂದಿನಂತೆ ಅಲುಗಿಸತೊಡಗಿದರು. ತಿಂಗಳಿಡೀ ಅದೇ. ದಿನಾ ಹೇಳಬೇಕೆಂದು ಹೋಗುತ್ತಿದ್ದೆ, ದಿನಾ ಹಿಂದಿರುಗುತ್ತಿದ್ದೆ. ಕೊನೆಗೆ ಕೋಣೆಯಲ್ಲಿ ಬದುಕಿದ್ದು ಏನೂ ಇಲ್ಲ ಎಂದು ಮೇಲಿನವರಿಗೆ ತಿಳಿದು, ಗುತ್ತಿಗೆದಾರ ಅವರನ್ನು ವೆರ್ಣಾದ ಕಾರ್ಖಾನೆಯೊಂದಕ್ಕೆ ಹಾಕಿದ. ಅವರನ್ನು ಉಳಿಸಿಕೊಳ್ಳಿ ಎಂದು ನಾನು ಬರೆದುಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ.

ಒಂದು ಸಂಜೆ ಅಲ್ಲಿಯ ಬಸ್ ಸ್ಟಾಪಿನಲ್ಲಿ ಅವರನ್ನು ಹಿಡಿದೆ. "ಚಾಚಾ, ಆ ಬೆಳೆ..." ಎಂದೆ.

"ಗೊತ್ತೈತ್ರಿ. ಆ ಸೋಮವಾರದಿಂದ ನೀವು ಒಂದ ಹನಿನೂ ದುರ್ಬೀನಿಗೆ ಹಚ್ಚಲಿಲ್ಲ."

"ಮತ್ತೆ ತಿಂಗಳಿಡೀ ಯಾಕೆ ಅಲುಗಿಸಿದಿರಿ?"

"ನಿಮಗ ಹೇಳಾಕ ಆಗವಲ್ತಾಗಿತ್ತು, ನನಗ ಕೇಳಾಕ. ಮತ್ತೇನ್ ಮಾಡ್ಲಿ ಬಾಯಾರ?"

ಕಂಪನಿ ಬಸ್ಸು ಬಂತು, ಹತ್ತಿದರು. ಮುಂದಿನ ಹಡಗಿನಲ್ಲಿ ಹೊಸ ಜೀವಗಳು ಬಂದಾಗ ಅವರನ್ನು ಕರೆತರಲು ವೆರ್ಣಾಕ್ಕೆ ಓಡಿದೆ. ಗುತ್ತಿಗೆದಾರ ಬದಲಾಗಿದ್ದ. ಹೊಸಬನ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.