ಮುಯ್ಯಾಳಾಗಿ ಹೋದ ಹಳೆಯ ಫೋನು

ನಮ್ಮ ಹನಗೋಡಿನಲ್ಲಿ ನಾಟಿ ಕೆಲಸಕ್ಕೆ ಈಗಲೂ ಕೆಲವರು ಮುಯ್ಯಾಳು ಕಳಿಸುತ್ತಾರೆ: ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಕೂಲಿಯ ಮಾತಿಲ್ಲ. ನಮ್ಮ ಮನೆಯಿಂದ ಇತ್ತೀಚೆಗೆ ಹೀಗೆ ಹೋದ ಏಕೈಕ ಆಳೆಂದರೆ, ಗಾಜು ಬಿರುಕು ಬಿಟ್ಟ ನನ್ನ ಹಳೆಯ ಮೊಬೈಲು.

ಹೊಸ ಫೋನು ಬಂದ ಮೇಲೆ ಹಳೆಯದಕ್ಕೆ ನಿವೃತ್ತಿ ಕೊಡಲು ಮನಸ್ಸಾಗಲಿಲ್ಲ. ನಿವೃತ್ತಿಯ ರುಚಿ ನಾನೇ ನೋಡಿದ್ದೆನಲ್ಲ. ಅದಕ್ಕೊಂದು ಆ್ಯಪ್ ಹಾಕಿದೆ. ಎಲ್ಲೋ ಕೂತ ವಿಜ್ಞಾನಿಗಳು ತಮ್ಮ ಬೆಟ್ಟದಂಥ ಲೆಕ್ಕವನ್ನು ತುಂಡು ತುಂಡು ಮಾಡಿ ಲೋಕದ ಫೋನುಗಳಿಗೆಲ್ಲ ಹಂಚುತ್ತಾರೆ. ಚಾರ್ಜಿಗೆ ಹಾಕಿಟ್ಟಾಗ ಫೋನು ತನ್ನ ಪಾಲಿನ ತುಂಡನ್ನು ಬಿಡಿಸಿ, ವೈಫೈನಲ್ಲಿ ಉತ್ತರ ಕಳಿಸುತ್ತದೆ. ಸಂಬಳ, ಭತ್ಯೆ, ಬಡ್ತಿ ಯಾವುದೂ ಇಲ್ಲ.

"ಎಂಥ ಲೆಕ್ಕ?" ಎಂದು ಕೇಳಿದಳು ಹೆಂಡತಿ.

"ಕಾಯಿಲೆಗಳಿಗೆ ಔಷಧಿ ಹುಡುಕೋದು, ಅಂಥವೆಲ್ಲ. ಮುಯ್ಯಾಳು ಇದ್ದಂಗೆ ಕಣೆ," ಎಂದೆ.

"ಕೈ ನಡುಗೋ ಕಾಯಿಲೇಗೂನಾ?"

"ಹೂಂ, ಅದಕ್ಕೂ ಅದೆ."

ಹ್ಯಾಂಡ್‌ಪೋಸ್ಟ್‌ ಊರಿನಲ್ಲಿರುವ ಅವಳ ಅಕ್ಕನಿಗೆ ಎರಡು ವರ್ಷದಿಂದ ಕೈ ನಡುಕ. ಲೋಟ ತುಂಬ ಕಾಫಿ ಕೊಟ್ಟರೆ ಅರ್ಧ ಸೀರೆಗೆ. ಮರುದಿನದಿಂದ ಫೋನಿಗೆ ಆಳಿನ ಮರ್ಯಾದೆ ಶುರುವಾಯಿತು. ಹೆಂಡತಿ ಬೆಳಿಗ್ಗೆ ಒರೆಸಿ, ಕಿಟಕಿಯ ಪಕ್ಕದ ಮಣೆಯ ಮೇಲೆ ಕೂರಿಸಿ, ಚಾರ್ಜರ್ ಚುಚ್ಚುವಳು. ಒಂದು ದಿನ ನೋಡುತ್ತೇನೆ, ಆಳು ನೀರಿನ ಮಡಕೆಗೆ ಸುತ್ತಿದ ಒದ್ದೆ ಬಟ್ಟೆಗೆ ಒರಗಿ ಕೂತಿದೆ!

"ಮೈ ಕಾದೋಗಿತ್ತು ಕಣ್ರೀ. ದುಡಿಯೋ ಆಳಿಗೆ ವಸಿ ತಂಪು ಬ್ಯಾಡ್ವಾ?"

ಅದನ್ನು ಮತ್ತೆ ಮಣೆಗೆ ವರ್ಗ ಮಾಡಿಸಲು ನನ್ನ ಮೇಷ್ಟ್ರುಗಿರಿಯ ಅನುಭವವೆಲ್ಲ ಬೇಕಾಯಿತು.

ಆದರೆ ಒಂದು ಮಾತು ನಾನು ನುಂಗಿಕೊಂಡಿದ್ದೆ. ಆ್ಯಪ್‌ನಲ್ಲಿ ಕೆಲಸಗಳ ಪಟ್ಟಿಯಿತ್ತು. ಔಷಧಿಯೂ ಇತ್ತು, ಆಕಾಶದ ನಕ್ಷತ್ರಗಳನ್ನು ಹುಡುಕುವ ಲೆಕ್ಕವೂ ಇತ್ತು. ಮಕ್ಕಳಿಗೆ ವಿಜ್ಞಾನ ಹೇಳಿದವನ ಹಳೆಯ ಚಪಲ, ನಾನು ನಕ್ಷತ್ರ ಒತ್ತಿದ್ದೆ. ನಾಳೆ ಬದಲಾಯಿಸಿದರಾಯಿತು ಎನ್ನುತ್ತಲೇ ತಿಂಗಳುಗಳನ್ನು ದೂಡಿದ್ದೆ.

ಅವರೆಕಾಯಿ ಕಾಲದಲ್ಲಿ ಅಕ್ಕ ಬಂದರು. ಹೆಂಡತಿ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, "ನೋಡಕ್ಕ, ನಿನ್ ಕೈಗೋಸ್ಕರ ದುಡೀತಾ ಅದೆ," ಎಂದಳು.

"ನಿನ್ ಗಂಡಂಗಿಂತ ವಾಸಿ ಬುಡು. ಇದು ಕುಂತಿದ್ ಕಡೇನೇ ಕೆಲ್ಸ ಮಾಡ್ತದೆ," ಎಂದು ಅಕ್ಕ ನಕ್ಕರು. ಆಮೇಲೆ ನಡುಗುವ ಎರಡೂ ಕೈಗಳಲ್ಲಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು.

ಅವರನ್ನು ಬಸ್ಸು ಹತ್ತಿಸಿ ಬಂದವನೇ ಹೆಂಡತಿಗೆ ಎಲ್ಲ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳ ಕೈ ನಿಂತಿತು.

"ಅಂಗಾದ್ರೆ ಅಕ್ಕ ಕಣ್ಣಿಗೊತ್ಕೊಂಡಿದ್ದು?"

ಈಗಲೇ ಬದಲಾಯಿಸುತ್ತೇನೆಂದು ಫೋನು ಎತ್ತಿಕೊಂಡೆ.

"ಮಡಗಿ ಅದ. ಹಿಡಿದ ಸಾಲು ಮುಗೀದೆ ಆಳ್ನ ಎಬ್ಬಿಸ್ತಾರೇನ್ರೀ? ಆ ನಕ್ಷತ್ರದೋರೂ ನಂಬ್ಕೊಂಡೇ ಕಳ್ಸಿರ್ತಾರೆ."

ತುಂಡು ಮುಗಿಯಲು ಇನ್ನೂ ಕಾಲುಭಾಗವಿತ್ತು. ನಾನೂ ಎದುರು ಕೂತು ಕಾಯಿ ಸುಲಿದೆ. ಹುಳುಕು ಕಾಯಿಗಳೆಲ್ಲ ಅವಳ ಕೈಯಿಂದ ನನ್ನ ಕಡೆಗೇ ಬರುತ್ತಿದ್ದವು, ಶಿಕ್ಷೆ ನ್ಯಾಯವಾದದ್ದೇ. ಸಂಜೆಯ ಹೊತ್ತಿಗೆ ನಕ್ಷತ್ರಗಳ ಉತ್ತರ ಹೋಯಿತು. ಔಷಧಿಯ ಕೆಲಸವನ್ನು ಅವಳ ಬೆರಳಿನಿಂದಲೇ ಒತ್ತಿಸಿದೆ. ಇದರ ಫಲ ಯಾವ ಕಾಲಕ್ಕೋ, ಅಕ್ಕನ ಕಾಲಕ್ಕೆ ಸಿಗದೆಯೂ ಇರಬಹುದು ಎಂದೂ ಈ ಸಲ ಮುಚ್ಚಿಡದೆ ಹೇಳಿದೆ.

"ಗೊತ್ತು, ಸುಮ್ಕಿರಿ," ಎಂದು ನನ್ನ ಹೊಸ ಫೋನಿನಲ್ಲಿ ಸ್ಪೀಕರ್ ಹಾಕಿ ಅಕ್ಕನಿಗೆ ಕರೆ ಮಾಡಿದಳು.

"ಮನೆ ಸೇರ್ಕೊಂಡ್ಯಾ ಅಕ್ಕ?"

"ಈಗ ಬಂದೆ ಕಣೆ. ನಿನ್ ಆಳು ಎಂಗದೆ?"

ಹೆಂಡತಿ ಮಣೆಯ ಕಡೆ ನೋಡಿದಳು.

"ಈಗ ತಾನೆ ಗದ್ದೆಗೆ ಇಳೀತು ಕಣಕ್ಕ."